ಯಮಳ ತಾರೆಗಳಲ್ಲಿ ದ್ರವ್ಯ ವರ್ಗಾವಣೆ: ರೋಹಿತ ಅಧ್ಯಯನ

ಗುರುತ್ವದ ಬಂಧದಲ್ಲಿ ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳ ಜೋಡಿಗೆ ಯಮಳ ತಾರೆ ಎಂದು ಹೆಸರು. ನಡುವೆ ಸಾಕಷ್ಟು ಅಂತರವಿದ್ದರೆ ಎರಡೂ ತಮ್ಮ ಪಾಡಿಗೆ ಹುಟ್ಟಿ, ಬೆಳೆದು, ಮುಪ್ಪಾಗುತ್ತವೆ. ಅಂತರ ಕಡಿಮೆಯಾದರೆ ಒಂದು ನಕ್ಷತ್ರ ಉಬ್ಬಿದಾಗ ಅದರ ಹೊರಮೈಯ ಅನಿಲ ಇನ್ನೊಂದರ ಕಡೆಗೆ ಹರಿಯತೊಡಗುತ್ತದೆ. ಈ ಹರಿವೇ ದ್ರವ್ಯ ವರ್ಗಾವಣೆ. ಕೊಡುವ ನಕ್ಷತ್ರವನ್ನು ದಾನಿ ಎಂದೂ ಪಡೆಯುವುದನ್ನು ಗ್ರಾಹಿ ಎಂದೂ ಇಲ್ಲಿ ಕರೆಯಲಾಗಿದೆ. ಇಂಥ ಬಹುತೇಕ ಜೋಡಿಗಳು ಎಷ್ಟು ದೂರದಲ್ಲಿವೆಯೆಂದರೆ ದೊಡ್ಡ ದೂರದರ್ಶಕದಲ್ಲೂ ಅವು ಒಂದೇ ಚುಕ್ಕೆ. ಆ ಚುಕ್ಕೆಯೊಳಗೆ ಎರಡು ನಕ್ಷತ್ರಗಳಿವೆ, ನಡುವೆ ಅನಿಲದ ಧಾರೆಯಿದೆ, ಧಾರೆ ಇಂತಿಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದೆಲ್ಲ ತಿಳಿದದ್ದು ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದರಲ್ಲಿನ ಗೆರೆಗಳನ್ನು ಅಳೆದದ್ದರಿಂದ. ಹಾಗೆ ಬಿಡಿಸಿದ ಬೆಳಕಿನ ಪಟ್ಟಿಯೇ ರೋಹಿತ.

ಈ ಅಧ್ಯಯನದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನಾಲ್ಕು ದಶಕಗಳಿಂದ ಈ ಜೋಡಿಗಳ ರೋಹಿತ ತೆಗೆಯುತ್ತ ಬಂದಿದ್ದಾರೆ. ಅವರು ಬಳಸಿದ ಕಾವಲೂರಿನ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, ಸುಮಾರು 12 ಡಿಗ್ರಿ 34 ಕಲೆ ಉತ್ತರ ಅಕ್ಷಾಂಶದಲ್ಲಿದೆ. ದಕ್ಷಿಣ ಕನ್ನಡದ ಸುಳ್ಯ ಪೇಟೆ ಇರುವುದೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ. ಪುತ್ತೂರು, ಕಡಬ ಅಲ್ಲಿಂದ ಕಾಲು ಡಿಗ್ರಿಯೊಳಗೆ ಉತ್ತರಕ್ಕಿವೆ. ಕಾವಲೂರಿನ ದೂರದರ್ಶಕ ನೋಡಿದ ಪ್ರತಿಯೊಂದು ನಕ್ಷತ್ರವೂ ಅದೇ ಎತ್ತರದಲ್ಲಿ, ಸುಮಾರು ಹದಿನಾಲ್ಕು ನಿಮಿಷ ತಡವಾಗಿ, ಸುಳ್ಯದ ನೆತ್ತಿಯ ಗೆರೆಯನ್ನು ದಾಟುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬರುವ ಜೋಡಿಗಳೆಲ್ಲ ಈ ಮೂರು ತಾಲೂಕುಗಳ ಆಕಾಶಕ್ಕೂ ಸೇರಿದವು.

ಅನಿಲ ಹರಿಯುವುದೇಕೆ

ಎರಡು ನಕ್ಷತ್ರಗಳ ಗುರುತ್ವ ಮತ್ತು ಅವು ಸುತ್ತುವುದರಿಂದ ಹುಟ್ಟುವ ಕೇಂದ್ರಾಪಗಾಮಿ ಪರಿಣಾಮ, ಇವನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರೆ ಪ್ರತಿ ನಕ್ಷತ್ರದ ಸುತ್ತ ಒಂದು ಗಡಿ ಸಿಗುತ್ತದೆ. ಗಡಿಯೊಳಗಿನ ಅನಿಲ ಆ ನಕ್ಷತ್ರದ್ದು, ಆಚೆಗಿನದು ಅಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞ ಎದುವಾರ್ ರೋಶ್ ಹೆಸರಿನಲ್ಲಿ ಇದನ್ನು ರೋಶ್ ಹಾಲೆ ಎನ್ನುತ್ತಾರೆ. ಎರಡೂ ಹಾಲೆಗಳು ನಡುವೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅದು ಮೊದಲನೆಯ ಲಗ್ರಾಂಜ್ ಬಿಂದು.

ಕಡಬ ತಾಲೂಕಿನ ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತಿದವರಿಗೆ ಇದರ ಚಿತ್ರ ಬೇಗ ಹಿಡಿಯುತ್ತದೆ. ಘಟ್ಟದ ನೆತ್ತಿಯ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಒಂದು ಕಣಿವೆ ಏಣಿನ ಅತಿ ತಗ್ಗಾದ ಕಡೆಯವರೆಗೆ ತುಂಬಿಬಿಟ್ಟಿತು ಎಂದುಕೊಳ್ಳಿ. ಇನ್ನಷ್ಟು ನೀರು ಬಂದರೆ ಅದು ಅಲ್ಲಿಂದಲೇ ಆಚೆ ಕಣಿವೆಗೆ ಉಕ್ಕುತ್ತದೆ. ಯಮಳ ತಾರೆಯಲ್ಲಿ ಆ ತಗ್ಗಾದ ಜಾಗವೇ ಲಗ್ರಾಂಜ್ ಬಿಂದು. ಒಡಲಿನ ಹೈಡ್ರೋಜನ್ ಮುಗಿದ ನಕ್ಷತ್ರ ಉಬ್ಬಿ ತನ್ನ ಹಾಲೆಯನ್ನು ತುಂಬಿದಾಗ ಅನಿಲ ಅಲ್ಲಿಂದ ಧಾರೆಯಾಗಿ ಹೊರಬೀಳುತ್ತದೆ.

ಹೊರಬಿದ್ದ ಧಾರೆ ನೇರವಾಗಿ ಗ್ರಾಹಿಯ ಮೇಲೆ ಬೀಳಬೇಕೆಂದಿಲ್ಲ. ಇಡೀ ವ್ಯವಸ್ಥೆಯೇ ತಿರುಗುತ್ತಿರುವುದರಿಂದ ಅದು ಬದಿಗೆ ವಾಲುತ್ತದೆ. ಗ್ರಾಹಿ ಗಾತ್ರದಲ್ಲಿ ದೊಡ್ಡದಾಗಿದ್ದರೆ ಧಾರೆ ಅದರ ಮೈಗೆ ಬಡಿಯುತ್ತದೆ. ಶ್ವೇತಕುಬ್ಜ, ನ್ಯೂಟ್ರಾನ್ ತಾರೆ, ಕೃಷ್ಣವಿವರದಂಥ ಚಿಕ್ಕ ಕಾಯವಾಗಿದ್ದರೆ ಧಾರೆ ಅದರ ಸುತ್ತ ಸುತ್ತಿ ತಟ್ಟೆಯಾಗಿ ಹರಡುತ್ತದೆ. ಇದು ಸಂಚಯನ ತಟ್ಟೆ. ತಟ್ಟೆಯೊಳಗಿನ ಘರ್ಷಣೆಯಿಂದ ಅನಿಲ ನಿಧಾನವಾಗಿ ಒಳಕ್ಕೆ ಜಾರುತ್ತ, ಬಿಸಿಯಾಗಿ ಬೆಳಗುತ್ತದೆ. ಇದರ ಗಣಿತವನ್ನು 1973ರಲ್ಲಿ ಕೊಟ್ಟ ಶಕೂರಾ ಮತ್ತು ಸುನ್ಯಾಯೇವ್ ಅವರ ಮಾದರಿಯೇ ಇಂದಿಗೂ ಬಳಕೆಯಲ್ಲಿದೆ.

ಭಾರವಾದ ನಕ್ಷತ್ರ ಹಗುರವಾದದ್ದಕ್ಕೆ ದ್ರವ್ಯ ಕೊಡುವಾಗ ಅವುಗಳ ನಡುವಿನ ಅಂತರ ಕುಗ್ಗುತ್ತದೆ, ಹಾಲೆ ಚಿಕ್ಕದಾಗುತ್ತದೆ, ಹರಿವು ಇನ್ನೂ ಜೋರಾಗುತ್ತದೆ. ಹಗುರವಾದದ್ದು ಭಾರವಾದದ್ದಕ್ಕೆ ಕೊಡುವಾಗ ಅಂತರ ಹಿಗ್ಗುತ್ತದೆ, ಸುತ್ತುವ ಅವಧಿ ಉದ್ದವಾಗುತ್ತದೆ, ಹರಿವು ತಣ್ಣಗಾಗುತ್ತದೆ. ಮೊದಲನೆಯ ಘಟ್ಟ ಬೇಗ ಮುಗಿಯುವುದರಿಂದ ಅದನ್ನು ನೋಡಸಿಗುವುದು ಅಪರೂಪ. ನಮಗೆ ಕಾಣುವ ಹೆಚ್ಚಿನ ಜೋಡಿಗಳು ಎರಡನೆಯ ಘಟ್ಟದಲ್ಲಿವೆ.

ಗೆರೆಗಳ ಓದು

ಸೂರ್ಯನ ರೋಹಿತದಲ್ಲಿರುವ ಕಪ್ಪು ಗೆರೆಗಳನ್ನು ಜೋಸೆಫ್ ಫ್ರೌನ್‌ಹೋಫರ್ 1814ರಲ್ಲಿ ಗುರುತಿಸಿ ಪಟ್ಟಿ ಮಾಡಿದ. ಪ್ರತಿ ಮೂಲಧಾತುವಿಗೂ ಅದರದ್ದೇ ಗೆರೆಗಳಿವೆ ಎಂಬುದನ್ನು ಕಿರ್ಚಾಫ್ ಮತ್ತು ಬುನ್ಸೆನ್ 1859ರ ಸುಮಾರಿಗೆ ತೋರಿಸಿದರು. ಬೆಳಕಿನ ಆಕರ ನಮ್ಮತ್ತ ಬರುವಾಗ ಗೆರೆ ನೀಲಿಯ ಕಡೆಗೂ ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತದೆ. ಇದು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ತ್ವದ ಫಲ. ಜರುಗುವಿಕೆ ತೀರ ಚಿಕ್ಕದು. ಹೈಡ್ರೋಜನ್‌ನ ಎಚ್-ಆಲ್ಫಾ ಗೆರೆ 656.3 ನ್ಯಾನೊಮೀಟರಿನಲ್ಲಿದೆ, ಅನಿಲ ಸೆಕೆಂಡಿಗೆ 100 ಕಿ.ಮೀ. ವೇಗದಲ್ಲಿ ಓಡಿದರೆ ಅದು ಕೇವಲ 0.22 ನ್ಯಾನೊಮೀಟರ್ ಸರಿಯುತ್ತದೆ. ಇದನ್ನು ಅಳೆಯುವುದೇ ಈ ಶಾಸ್ತ್ರದ ಕಸುಬು.

ಹೀಗೆ ಸಿಕ್ಕ ಮೊದಲ ಯಮಳ ತಾರೆ ನಮ್ಮ ಮದುವೆ ಮನೆಗಳಿಗೆ ಪರಿಚಿತವಾದದ್ದು. ಅರುಂಧತಿ ದರ್ಶನದಲ್ಲಿ ವಧೂವರರಿಗೆ ತೋರಿಸುವ ಜೋಡಿಯ ದೊಡ್ಡ ನಕ್ಷತ್ರ, ಸಪ್ತರ್ಷಿ ಮಂಡಲದ ವಸಿಷ್ಠ, ತಾನೇ ಒಂದು ಜೋಡಿ. ಅದರ ರೋಹಿತದ ಗೆರೆಗಳು ಕೆಲವು ದಿನ ಒಂದಾಗಿ, ಕೆಲವು ದಿನ ಎರಡಾಗಿ ಸೀಳಿ ಕಾಣುವುದನ್ನು ಹಾರ್ವರ್ಡ್ ವೀಕ್ಷಣಾಲಯದ ಎಡ್ವರ್ಡ್ ಪಿಕರಿಂಗ್ 1889ರಲ್ಲಿ ಪ್ರಕಟಿಸಿದ. ರೋಹಿತದ ಛಾಯಾಫಲಕಗಳನ್ನು ಪರಿಶೀಲಿಸಿ ಈ ಕೆಲಸದಲ್ಲಿ ದುಡಿದವಳು ಅಂಟೋನಿಯಾ ಮೌರಿ. ವಸಿಷ್ಠದಲ್ಲಿ ದ್ರವ್ಯ ವರ್ಗಾವಣೆ ಇಲ್ಲ, ಎರಡೂ ದೂರದೂರ. ಆದರೆ ಚುಕ್ಕೆಯೊಳಗಿನ ಜೋಡಿಯನ್ನು ಬಿಡಿಸುವ ದಾರಿ ಅಲ್ಲಿಂದ ತೆರೆಯಿತು.

ದ್ರವ್ಯ ವರ್ಗಾವಣೆ ನಡೆಯುತ್ತಿರುವ ಜೋಡಿಯ ರೋಹಿತದಲ್ಲಿ ಹಲವು ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ದಾನಿಯ ಹೀರಿಕೆ ಗೆರೆಗಳು, ಗ್ರಾಹಿಯ ಹೀರಿಕೆ ಗೆರೆಗಳು, ಇವೆರಡರ ನಡುವಿನ ಅನಿಲ ತಾನೇ ಬೆಳಗುವುದರಿಂದ ಮೂಡುವ ಉತ್ಸರ್ಜನ ಗೆರೆಗಳು. ತಟ್ಟೆಯೊಂದಿದ್ದರೆ ಉತ್ಸರ್ಜನ ಗೆರೆಗೆ ಎರಡು ಶಿಖರಗಳಿರುತ್ತವೆ. ತಟ್ಟೆಯ ಒಂದು ಬದಿ ನಮ್ಮತ್ತ ಬರುತ್ತಿದ್ದರೆ ಇನ್ನೊಂದು ದೂರ ಸರಿಯುತ್ತಿರುತ್ತದೆ, ಹಾಗಾಗಿ ಒಂದು ಶಿಖರ ನೀಲಿಯತ್ತ, ಇನ್ನೊಂದು ಕೆಂಪಿನತ್ತ.

ಇದಕ್ಕೆ ಅತ್ಯಂತ ಚೆಲುವಾದ ಸಾಕ್ಷಿ ಸಿಕ್ಕಿದ್ದು ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಲ್‌ಫ್ರೆಡ್ ಜಾಯ್‌ಗೆ, 1940ರ ದಶಕದಲ್ಲಿ. ವೃಷಭ ರಾಶಿಯ ಆರ್‌ಡಬ್ಲ್ಯು ಟೌರಿ ಎಂಬ ಜೋಡಿ ಸುಮಾರು 2.77 ದಿನಕ್ಕೊಮ್ಮೆ ಪೂರ್ಣ ಗ್ರಹಣಕ್ಕೆ ಒಳಗಾಗುತ್ತದೆ: ಮಂಕಾದ ದೊಡ್ಡ ನಕ್ಷತ್ರ ಬೆಳಗುವ ಚಿಕ್ಕದನ್ನು ಮುಚ್ಚುತ್ತದೆ. ಮುಚ್ಚಿದ ಕ್ಷಣದಲ್ಲಿ ಜಾಯ್‌ಗೆ ಕೆಂಪಿನತ್ತ ಸರಿದ ಉತ್ಸರ್ಜನ ಗೆರೆ ಕಂಡಿತು. ಗ್ರಹಣ ಬಿಡುವ ಹೊತ್ತಿಗೆ ಅದು ಮಾಯವಾಗಿ ನೀಲಿಯತ್ತ ಸರಿದ ಗೆರೆ ಮೂಡಿತು. ಅಂದರೆ ಚಿಕ್ಕ ನಕ್ಷತ್ರದ ಸುತ್ತ ತಿರುಗುವ ಅನಿಲದ ಬಳೆಯಿದೆ, ಗ್ರಹಣವು ಅದರ ನಮ್ಮತ್ತ ಬರುವ ಬದಿಯನ್ನು ಮೊದಲು, ದೂರ ಸರಿಯುವ ಬದಿಯನ್ನು ಬಳಿಕ ಮುಚ್ಚುತ್ತದೆ. ಬಳೆ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದು ಕೂಡ ಈ ಒಂದೇ ವೀಕ್ಷಣೆಯಿಂದ ಗೊತ್ತಾಯಿತು: ಜೋಡಿ ಸುತ್ತುವ ದಿಕ್ಕಿಗೇ.

ಅಲ್ಗಾಲ್‌ನ ಒಗಟು

ಪಾರ್ಥ ಅಥವಾ ಪರ್ಸಿಯಸ್ ಪುಂಜದ ಅಲ್ಗಾಲ್ ಸುಮಾರು 90 ಜ್ಯೋತಿರ್ವರ್ಷ ದೂರದ, ಬರಿಗಣ್ಣಿಗೆ ಕಾಣುವ ತಾರೆ. ಕಿವಿ ಕೇಳದ, ಮಾತು ಬಾರದ ಇಂಗ್ಲಿಷ್ ಯುವಕ ಜಾನ್ ಗುಡ್‌ರಿಕ್ 1782-83ರಲ್ಲಿ ಅದರ ಕಾಂತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಕುಗ್ಗುವುದನ್ನು ಅಳೆದು, ಯಾವುದೋ ಕಾಯ ಅದಕ್ಕೆ ಅಡ್ಡ ಬರುತ್ತಿರಬಹುದು ಎಂದ. ಆಗ ಅವನಿಗೆ ಹದಿನೆಂಟರ ಪ್ರಾಯ. ಆ ಊಹೆಯನ್ನು ರೋಹಿತದಿಂದ ಖಚಿತಪಡಿಸಿದವನು ಪಾಟ್ಸ್‌ಡ್ಯಾಮಿನ ಹರ್ಮನ್ ಫೋಗಲ್, 1889ರಲ್ಲಿ.

ಎರಡೂ ನಕ್ಷತ್ರಗಳ ದ್ರವ್ಯರಾಶಿ ತಿಳಿದ ಮೇಲೆ ತೊಡಕು ಶುರುವಾಯಿತು. ಬೆಳಗುವ ನೀಲಿ ನಕ್ಷತ್ರ ಸೂರ್ಯನ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಭಾರ, ಇನ್ನೂ ಎಳೆಯದು. ಅದರ ಸಂಗಾತಿ ಸೂರ್ಯನ 0.7ರಷ್ಟು ಮಾತ್ರ, ಆದರೆ ಉಬ್ಬಿ ಮುಪ್ಪಾಗಿದೆ. ಜೊತೆಗೆ ಹುಟ್ಟಿದ ಎರಡರಲ್ಲಿ ಭಾರವಾದದ್ದೇ ಬೇಗ ಮುಪ್ಪಾಗಬೇಕು. ಇಲ್ಲಿ ಅದು ತಿರುವುಮುರುವು. 1955ರಲ್ಲಿ ಕ್ರಾಫರ್ಡ್ ಪರಿಹಾರ ಸೂಚಿಸಿದ: ಇಂದು ಹಗುರವಾಗಿರುವ ನಕ್ಷತ್ರ ಒಂದು ಕಾಲಕ್ಕೆ ಭಾರವಾಗಿತ್ತು, ಉಬ್ಬಿ ತನ್ನ ಬಹುಪಾಲು ದ್ರವ್ಯವನ್ನು ಸಂಗಾತಿಗೆ ಸುರಿಯಿತು. 1960ರ ದಶಕದಲ್ಲಿ ಕಿಪ್ಪನ್‌ಹಾನ್ ಮತ್ತು ವೈಗರ್ಟ್ ಮೊದಲಾದವರ ಕಂಪ್ಯೂಟರ್ ಲೆಕ್ಕಾಚಾರ ಇದು ಸಾಧ್ಯವೆಂದು ತೋರಿಸಿತು.

ಲೆಕ್ಕಾಚಾರ ಸರಿ, ಆದರೆ ಕೈಗೆ ಸಿಗುವ ಪುರಾವೆ ಬೇಕಲ್ಲ. ಅದನ್ನು ಕೊಟ್ಟವರಲ್ಲಿ ಒಬ್ಬರು ಬೆಂಗಳೂರಿನ ಖಭೌತ ಸಂಸ್ಥೆಯ ಎಂ. ಪಾರ್ಥಸಾರಥಿ. ಡೇವಿಡ್ ಲ್ಯಾಂಬರ್ಟ್ ಮತ್ತು ಟಾಮ್ಕಿನ್ ಜೊತೆ 1983ರಲ್ಲಿ ಅವರು ಯು ಸೆಫೈ, ಯು ಸಜಿಟೇ ಎಂಬ ಅಲ್ಗಾಲ್ ಬಗೆಯ ಎರಡು ಜೋಡಿಗಳ ದಾನಿ ನಕ್ಷತ್ರಗಳ ರೋಹಿತವನ್ನು ಪರಿಶೀಲಿಸಿದರು. ಅವುಗಳ ಮೈಯಲ್ಲಿ ಇಂಗಾಲ ಇರಬೇಕಾದುದಕ್ಕಿಂತ ಕಡಿಮೆ, ಸಾರಜನಕ ಹೆಚ್ಚು. ಭಾರ ನಕ್ಷತ್ರಗಳ ಒಡಲಲ್ಲಿ ಹೈಡ್ರೋಜನ್ ಉರಿಯುವಾಗ ಇಂಗಾಲ ಸಾರಜನಕವಾಗಿ ಮಾರ್ಪಡುತ್ತದೆ. ಆ ಬೂದಿ ಒಳಗೇ ಇರಬೇಕು, ಮೇಲ್ಮೈಯಲ್ಲಿ ಕಾಣಿಸಬಾರದು. ಹೊರಗೆ ಕಂಡಿತೆಂದರೆ ಮೇಲಿನ ಪದರಗಳೆಲ್ಲ ಸುಲಿದುಹೋಗಿವೆ. ಒಂದು ನಕ್ಷತ್ರದ ಒಳಭಾಗವನ್ನು ಹೀಗೆ ನೇರವಾಗಿ ನೋಡಲು ಸಿಗುವುದು ತೀರ ಕಡಿಮೆ. ಈ ಕ್ಷೇತ್ರದಲ್ಲಿ ಭಾರತೀಯರು ಮಾಡಿದ ಕೆಲಸಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ ಸಲ್ಲಬೇಕು.

ಬೀಟಾ ಲೈರೇ

ಅಭಿಜಿತ್ ನಕ್ಷತ್ರದ ಪಕ್ಕದಲ್ಲೇ ಇರುವ ಬೀಟಾ ಲೈರೇ ಇನ್ನೊಂದು ಹಳೆಯ ಪರಿಚಯ. ಇದರ ಕಾಂತಿಯ ಏರಿಳಿತವನ್ನು 1784ರಲ್ಲಿ ಗುರುತಿಸಿದ್ದೂ ಗುಡ್‌ರಿಕ್. 1866ರ ಸುಮಾರಿಗೆ ಇಟಲಿಯ ಆಂಜೆಲೊ ಸೆಕ್ಕಿ ಇದರ ರೋಹಿತದಲ್ಲಿ ಉತ್ಸರ್ಜನ ಗೆರೆಗಳನ್ನು ಕಂಡ. ಆ ಗೆರೆಗಳು ದಿನದಿಂದ ದಿನಕ್ಕೆ ರೂಪ ಬದಲಿಸುವುದು ಹಲವು ತಲೆಮಾರುಗಳ ವಿಜ್ಞಾನಿಗಳನ್ನು ಕಾಡಿತು. 1941ರಲ್ಲಿ ಆಟೊ ಸ್ಟ್ರೂವೆ ಅನಿಲದ ಧಾರೆಗಳನ್ನು ಊಹಿಸಿ ಅವಕ್ಕೆ ಅರ್ಥ ಕೊಟ್ಟ. ಗ್ರಾಹಿಯನ್ನು ದಪ್ಪನೆಯ ತಟ್ಟೆಯೊಂದು ಮರೆಮಾಡಿದೆ ಎಂದು ಸು-ಶು ಹುವಾಂಗ್ 1963ರಲ್ಲಿ ಹೇಳಿದ.

ಈಗಿನ ಅಂದಾಜಿನಂತೆ ದಾನಿ ಸೂರ್ಯನ ಮೂರು ಪಟ್ಟು, ಗ್ರಾಹಿ ಹದಿಮೂರು ಪಟ್ಟು ಭಾರ. ಸುತ್ತುವ ಅವಧಿ 12.94 ದಿನ, ಅದು ವರ್ಷಕ್ಕೆ 19 ಸೆಕೆಂಡಿನಂತೆ ಬೆಳೆಯುತ್ತಿದೆ. ಈ ಬೆಳವಣಿಗೆಯಿಂದ ಲೆಕ್ಕ ಹಾಕಿದರೆ ವರ್ಷಕ್ಕೆ ಸೂರ್ಯನ ಲಕ್ಷದ ಎರಡು ಪಾಲು, ಎಂದರೆ ಆರೇಳು ಭೂಮಿಗಳಷ್ಟು ದ್ರವ್ಯ, ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದೆ. ಅಮೆರಿಕದ ಚಾರಾ ಎಂಬ ದೂರದರ್ಶಕಗಳ ಜಾಲ ತೆಗೆದ ಈ ಜೋಡಿಯ ಚಿತ್ರವೇ 2008ರಲ್ಲಿ ಪ್ರಕಟವಾಯಿತು. ರೋಹಿತ ದಶಕಗಳಿಂದ ಹೇಳುತ್ತ ಬಂದದ್ದು ಚಿತ್ರದಲ್ಲೂ ಹಾಗೆಯೇ ಇತ್ತು.

ಕಾವಲೂರು, ಹಾನ್ಲೆ ಮತ್ತು ಮರುಕಳಿಸುವ ನೋವಾಗಳು

ಗ್ರಾಹಿ ಶ್ವೇತಕುಬ್ಜವಾಗಿದ್ದರೆ ನಾಟಕ ಬೇರೆ. ಭೂಮಿಯಷ್ಟೇ ದಪ್ಪಗಿರುವ, ಸೂರ್ಯನಷ್ಟು ಭಾರದ ಶ್ವೇತಕುಬ್ಜದ ಮೇಲೆ ಹೈಡ್ರೋಜನ್ ವರ್ಷಾನುಗಟ್ಟಲೆ ಸಂಗ್ರಹವಾಗುತ್ತ ಹೋಗಿ, ಒತ್ತಡ ಮಿತಿ ಮೀರಿದಾಗ ಒಮ್ಮೆಗೇ ಉರಿದು ಸ್ಫೋಟಿಸುತ್ತದೆ. ಇದು ನೋವಾ. ನಕ್ಷತ್ರ ನಾಶವಾಗುವುದಿಲ್ಲ, ಹರಿವು ಮುಂದುವರಿದು ಮತ್ತೆ ಸಂಗ್ರಹ ಶುರುವಾಗುತ್ತದೆ. ಶ್ವೇತಕುಬ್ಜ ತುಂಬ ಭಾರವಾಗಿದ್ದರೆ, ಹರಿವೂ ಜೋರಾಗಿದ್ದರೆ, ಒಬ್ಬ ಮನುಷ್ಯನ ಆಯುಷ್ಯದೊಳಗೇ ಸ್ಫೋಟ ಮರುಕಳಿಸುತ್ತದೆ.

ಉರಗಧರ ಪುಂಜದ ಆರ್‌ಎಸ್ ಆಫಿಯುಕಿ ಇಂಥದ್ದು, ಇದರ ದಾನಿ ಕೆಂಪು ದೈತ್ಯ. 1898, 1933, 1958, 1967, 1985, 2006, 2021, ಇಷ್ಟು ಬಾರಿ ಸಿಡಿದದ್ದು ದಾಖಲಾಗಿದೆ. 1985ರ ಜನವರಿಯ ಸ್ಫೋಟದ ಸಮಯದಲ್ಲಿ ಕಾವಲೂರಿನಲ್ಲಿ 1972ರಿಂದ ಕೆಲಸ ಮಾಡುತ್ತಿದ್ದ ಒಂದು ಮೀಟರ್ ಝೈಸ್ ದೂರದರ್ಶಕವಿತ್ತು, 2.3 ಮೀಟರಿನ ವೇಣು ಬಾಪು ದೂರದರ್ಶಕ ಉದ್ಘಾಟನೆಯಾದದ್ದು ಮರುವರ್ಷ. ಆ ಸ್ಫೋಟದ ರೋಹಿತ ಅಧ್ಯಯನವನ್ನು ಜಿ.ಸಿ. ಅನುಪಮಾ ಮತ್ತು ತುಷಾರ್ ಪ್ರಭು 1989ರಲ್ಲಿ ಪ್ರಕಟಿಸಿದರು.

ಆ ರೋಹಿತಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಸ್ಫೋಟವಾದೊಡನೆ ಹೈಡ್ರೋಜನ್ ಗೆರೆಗಳು ತುಂಬ ಅಗಲವಾಗುತ್ತವೆ, ಏಕೆಂದರೆ ಅನಿಲ ಎಲ್ಲ ದಿಕ್ಕಿಗೂ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಚಿಮ್ಮುತ್ತಿರುತ್ತದೆ. ದಿನ ಕಳೆದಂತೆ ಗೆರೆಗಳು ಕಿರಿದಾಗುತ್ತವೆ. ಸಾಮಾನ್ಯ ನೋವಾದಲ್ಲಿ ಹೀಗಾಗುವುದಿಲ್ಲ. ಇಲ್ಲಿ ಕೆಂಪು ದೈತ್ಯ ಸದಾ ಊದುವ ಅನಿಲದ ಗಾಳಿ ಜೋಡಿಯನ್ನು ಆವರಿಸಿರುತ್ತದೆ. ಸ್ಫೋಟದ ಅನಿಲ ಅದಕ್ಕೆ ಡಿಕ್ಕಿ ಹೊಡೆದು ನಿಧಾನವಾಗುತ್ತದೆ. ಡಿಕ್ಕಿಯ ಬಿಸಿಗೆ ಕಬ್ಬಿಣದ ಪರಮಾಣುಗಳು ಒಂಬತ್ತು, ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡು 637.4 ಮತ್ತು 530.3 ನ್ಯಾನೊಮೀಟರುಗಳಲ್ಲಿ ಬೆಳಗುತ್ತವೆ. ಸೂರ್ಯನ ಪೂರ್ಣ ಗ್ರಹಣದಲ್ಲಿ ಕರೋನಾದಿಂದ ಬರುವ ಗೆರೆಗಳೂ ಇವೇ, ಹಾಗಾಗಿ ತಾಪ ಹತ್ತು ಲಕ್ಷ ಡಿಗ್ರಿಯ ಮಟ್ಟದ್ದು. ದೈತ್ಯದ ಗಾಳಿ ಜೋಡಿಯ ಸುತ್ತ ತುಂಬಿದೆ ಎಂಬುದಕ್ಕೆ ಈ ಕಿರಿದಾಗುವ ಗೆರೆಗಳೇ ಸಾಕ್ಷಿ; ದ್ರವ್ಯ ವರ್ಗಾವಣೆ ಧಾರೆಯಿಂದ ಮಾತ್ರವಲ್ಲ, ಇಂಥ ಗಾಳಿಯಿಂದಲೂ ನಡೆಯಬಹುದು. 2006ರ ಸ್ಫೋಟದಲ್ಲಿ ಇದೇ ನಿಧಾನವಾಗುವಿಕೆಯನ್ನು ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದವರು ಮೌಂಟ್ ಅಬುವಿನಿಂದ ಅವಕೆಂಪು ಬೆಳಕಿನಲ್ಲಿ ಅಳೆದರು.

2021ರ ಆಗಸ್ಟ್ 8ರಂದು ಅದು ಮತ್ತೆ ಸಿಡಿದಾಗ ದಕ್ಷಿಣ ಕನ್ನಡದಲ್ಲಿ ಆಟಿ ತಿಂಗಳು, ಮಳೆಗಾಲದ ನಡುಮಧ್ಯ. ಆದರೆ ಲಡಾಖಿನ ಹಾನ್ಲೆ ಹಿಮಾಲಯದ ಮಳೆನೆರಳಿನಲ್ಲಿದೆ. 4,500 ಮೀಟರ್ ಎತ್ತರದ ಅಲ್ಲಿನ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅದರ ಮಂದ ತಾರೆಗಳ ರೋಹಿತಗ್ರಾಹಿ ಈ ಸ್ಫೋಟವನ್ನು ಹಿಂಬಾಲಿಸಿತು. ನಮೀಬಿಯಾದ ಹೆಸ್ ಮತ್ತು ಕ್ಯಾನರಿ ದ್ವೀಪಗಳ ಮ್ಯಾಜಿಕ್ ದೂರದರ್ಶಕಗಳು ಅದೇ ಸ್ಫೋಟದಿಂದ ಅತಿ ಶಕ್ತಿಯ ಗ್ಯಾಮಾ ಕಿರಣಗಳನ್ನು ಹಿಡಿದವು. ನೋವಾ ಒಂದರಿಂದ ಅಂಥ ಕಿರಣ ಸಿಕ್ಕಿದ್ದು ಅದೇ ಮೊದಲು.

ಉತ್ತರ ಕಿರೀಟದ ಟಿ ಕರೋನೇ ಬೊರಿಯಾಲಿಸ್ ಇದಕ್ಕಿಂತ ಹತ್ತಿರದ್ದು, ಸುಮಾರು ಮೂರು ಸಾವಿರ ಜ್ಯೋತಿರ್ವರ್ಷ ದೂರದ್ದು. 1866ರ ಮೇ ತಿಂಗಳಲ್ಲಿ ಮತ್ತು 1946ರ ಫೆಬ್ರವರಿಯಲ್ಲಿ ಸಿಡಿದಿತ್ತು. 1866ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ಅದರತ್ತ ರೋಹಿತದರ್ಶಕ ತಿರುಗಿಸಿ ಹೈಡ್ರೋಜನ್‌ನ ಬೆಳಗುವ ಗೆರೆಗಳನ್ನು ಕಂಡ. ನೋವಾದ ರೋಹಿತವನ್ನು ಮನುಷ್ಯ ನೋಡಿದ್ದು ಅದೇ ಮೊದಲ ಸಲ. ಇದರ ಜೋಡಿ 227 ದಿನಗಳಿಗೊಮ್ಮೆ ಸುತ್ತು ಹಾಕುತ್ತದೆ. ಹಿಂದೊಮ್ಮೆ ಬಿಸಿ ನಕ್ಷತ್ರದ ದ್ರವ್ಯರಾಶಿ, ಶ್ವೇತಕುಬ್ಜ ದಾಟಲಾಗದ ಚಂದ್ರಶೇಖರ್ ಮಿತಿಯಾದ 1.4 ಸೂರ್ಯರನ್ನು ಮೀರಿದಂತೆ ಲೆಕ್ಕ ಬಂದು, ಅದು ಶ್ವೇತಕುಬ್ಜವೇ ಅಲ್ಲವೇನೋ ಎಂಬ ವಾದ ಎದ್ದಿತ್ತು. 1992ರಲ್ಲಿ ಸೆಲ್ವೆಲ್ಲಿ ಮತ್ತು ಸಂಗಡಿಗರು ಅತಿನೇರಳೆ ರೋಹಿತದಿಂದ ಅದು ಶ್ವೇತಕುಬ್ಜವೇ ಎಂದು ವಾದಿಸಿದರು. ಬಳಿಕ ದ್ರವ್ಯರಾಶಿಯ ಲೆಕ್ಕವೂ ತಿದ್ದಿಕೊಂಡಿತು. ಅನುಪಮಾ ಮತ್ತು ಪೋಲೆಂಡಿನ ಮಿಕೊಲಾಯೆವ್ಸ್ಕಾ 1999ರಲ್ಲಿ ಕೆಂಪು ದೈತ್ಯವುಳ್ಳ ಮರುಕಳಿಸುವ ನೋವಾಗಳ ಶಾಂತ ಕಾಲದ ರೋಹಿತಗಳನ್ನು ಒಟ್ಟಿಗೆ ವಿಶ್ಲೇಷಿಸಿದರು. ಸ್ಫೋಟಕ್ಕೆ ಎಲ್ಲರ ಕಣ್ಣು ಹೋಗುತ್ತದೆ. ಆದರೆ ಮುಂದಿನ ಸ್ಫೋಟಕ್ಕೆ ಬೇಕಾದ ಅನಿಲ ಜಮೆಯಾಗುವುದು ಈ ಶಾಂತ ವರ್ಷಗಳಲ್ಲೇ, ಅವುಗಳ ರೋಹಿತವೇ ಹೆಚ್ಚು ಬೆಲೆಯುಳ್ಳದ್ದು.

ಅನುಪಮಾ ಮುಂದೆ ಭಾರತೀಯ ಖಗೋಳ ಸಂಘದ ಅಧ್ಯಕ್ಷರಾದ ಮೊದಲ ಮಹಿಳೆ. ಕನ್ನಡ ಓದುಗರಿಗೆ ಲೇಖಕಿಯಾಗಿ ಪರಿಚಿತರಾದ, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕಿಯಾಗಿದ್ದ ಬಿ.ಎಸ್. ಶೈಲಜಾ ಸಂಶೋಧನೆ ಮಾಡಿದ್ದೂ ಇದೇ ಸಂಸ್ಥೆಯಲ್ಲಿ, ವುಲ್ಫ್-ರಾಯೇ ತಾರೆಗಳಿರುವ ಯಮಳಗಳ ಮೇಲೆ. ಹೊರ ಪದರ ಕಳೆದುಕೊಂಡು ಬಿಸಿ ಒಡಲು ಮಾತ್ರ ಉಳಿದ ನಕ್ಷತ್ರಗಳು ಅವು. ಕೆಲವು ಜೋಡಿಗಳಲ್ಲಿ ಆ ಪದರ ಹೋದದ್ದು ಸಂಗಾತಿಗೆ.

ರಾಮನ್ ಗೆರೆಗಳು

ಕೆಂಪು ದೈತ್ಯ ಮತ್ತು ಬಿಸಿ ಶ್ವೇತಕುಬ್ಜದ ಜೋಡಿಗಳಾದ ಹಲವು ಸಹಜೀವಿ ತಾರೆಗಳ ರೋಹಿತದಲ್ಲಿ 682.5 ಮತ್ತು 708.2 ನ್ಯಾನೊಮೀಟರುಗಳಲ್ಲಿ ಎರಡು ಅಗಲವಾದ ಗೆರೆಗಳಿವೆ. ಇವು ಯಾವ ಧಾತುವಿನವು ಎಂದು ದಶಕಗಳ ಕಾಲ ಗೊತ್ತಿರಲಿಲ್ಲ. 1989ರಲ್ಲಿ ಹಾನ್ಸ್ ಶ್ಮಿಡ್ ಉತ್ತರ ಕೊಟ್ಟ: ಶ್ವೇತಕುಬ್ಜದ ಬಳಿ ಐದು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಅತಿನೇರಳೆಯಲ್ಲಿ ಬೆಳಗುತ್ತದೆ, ಆ ಬೆಳಕು ದೈತ್ಯದ ಗಾಳಿಯಲ್ಲಿರುವ ಹೈಡ್ರೋಜನ್ ಪರಮಾಣುಗಳಿಗೆ ಬಡಿದು, ಶಕ್ತಿಯ ಒಂದು ಪಾಲನ್ನು ಅಲ್ಲೇ ಬಿಟ್ಟು, ಕೆಂಪು ಬೆಳಕಾಗಿ ಚದುರುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕೋಲ್ಕತ್ತದಲ್ಲಿ ದ್ರವಗಳಲ್ಲಿ ಕಂಡ ಚದುರಿಕೆಯೇ ಇದು. ಈ ಗೆರೆಗಳಿದ್ದರೆ ಅತಿ ಬಿಸಿಯ ಕಾಯ ಮತ್ತು ತಣ್ಣನೆಯ ಹೈಡ್ರೋಜನ್ ಮೋಡ ಒಂದೇ ಮನೆಯಲ್ಲಿವೆ ಎಂದು ನಿಸ್ಸಂಶಯವಾಗಿ ಹೇಳಬಹುದು.

ರೋಹಿತದಿಂದ ನಕ್ಷೆ

ಜೋಡಿ ಒಂದು ಸುತ್ತು ಮುಗಿಸುವಷ್ಟರಲ್ಲಿ ನಾವು ಅದನ್ನು ಎಲ್ಲ ಬದಿಯಿಂದಲೂ ನೋಡಿರುತ್ತೇವೆ. ಸುತ್ತಿನ ಉದ್ದಕ್ಕೂ ತೆಗೆದ ಹತ್ತಾರು ರೋಹಿತಗಳನ್ನು ಕೂಡಿಸಿದರೆ ಅನಿಲ ಎಲ್ಲೆಲ್ಲಿ ಯಾವ ವೇಗದಲ್ಲಿದೆ ಎಂಬ ನಕ್ಷೆ ಸಿಗುತ್ತದೆ. ಟಾಮ್ ಮಾರ್ಶ್ ಮತ್ತು ಕೀತ್ ಹಾರ್ನ್ 1988ರಲ್ಲಿ ರೂಪಿಸಿದ ಈ ವಿಧಾನ ಡಾಪ್ಲರ್ ಟೊಮೊಗ್ರಫಿ, ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಗಣಿತವೂ ಇದೇ ಜಾತಿಯದು. ಜಮೈಕಾದ ಮರ್ಸಿಡಿಸ್ ರಿಚರ್ಡ್ಸ್ 1990ರ ದಶಕದಲ್ಲಿ ಇದನ್ನು ಅಲ್ಗಾಲ್ ಬಗೆಯ ಜೋಡಿಗಳಿಗೆ ಅನ್ವಯಿಸಿ ಅನಿಲದ ಧಾರೆ ಹರಿಯುವ ದಾರಿಯನ್ನು ತೋರಿಸಿಕೊಟ್ಟಳು.

ಬೇರೆ ಕಿರಣಗಳಲ್ಲಿ

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದದ್ದು. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ತಂಡ ಅದರಿಂದ ನೀಲಿ ಅಲೆಮಾರಿ ತಾರೆಗಳನ್ನು ನೋಡಿತು. ಮುದಿ ತಾರಾಗುಚ್ಛಗಳಲ್ಲಿ ವಯಸ್ಸಿಗೆ ಮೀರಿ ಎಳೆಯದಾಗಿ ಕಾಣುವ ಈ ನಕ್ಷತ್ರಗಳನ್ನು ಆಲನ್ ಸ್ಯಾಂಡೇಜ್ 1953ರಲ್ಲಿ ಗುರುತಿಸಿದ್ದ. ಎನ್‌ಜಿಸಿ 188 ಗುಚ್ಛದ ಒಂದು ಅಲೆಮಾರಿಗೆ ಬಿಸಿ ಸಂಗಾತಿಯಿರುವುದು 2016ರಲ್ಲಿ ಗೊತ್ತಾಯಿತು. 2019ರಲ್ಲಿ ಕರ್ಕಾಟಕದ ಎಂ67 ಗುಚ್ಛದಲ್ಲಿ ಸೂರ್ಯನ ಐದನೇ ಒಂದು ಪಾಲಿಗೂ ಕಡಿಮೆ ಭಾರದ ಶ್ವೇತಕುಬ್ಜ ಸಂಗಾತಿ ಸಿಕ್ಕಿತು. ಅಷ್ಟು ಹಗುರವಾದ ಶ್ವೇತಕುಬ್ಜ ಒಂಟಿ ನಕ್ಷತ್ರದಿಂದ ಆಗಲು ವಿಶ್ವದ ವಯಸ್ಸೇ ಸಾಲದು. ಅದು ದಾನಿಯಾಗಿದ್ದು, ಕೊಟ್ಟು ಕೊಟ್ಟು ಸೊರಗಿದ್ದು. ಇಲ್ಲಿ ಬಳಸಿದ್ದು ಗೆರೆಗಳನ್ನಲ್ಲ, ಬೇರೆ ಬೇರೆ ಬಣ್ಣಗಳಲ್ಲಿ ಕಾಂತಿಯ ಹಂಚಿಕೆಯನ್ನು. ರೋಹಿತದ ಒರಟು ರೂಪವೆಂದರೂ ಆದೀತು.

ಗ್ರಾಹಿ ನ್ಯೂಟ್ರಾನ್ ತಾರೆಯೋ ಕೃಷ್ಣವಿವರವೋ ಆದರೆ ತಟ್ಟೆಯ ಒಳಭಾಗ ಎಕ್ಸ್ ಕಿರಣಗಳಲ್ಲಿ ಬೆಳಗುತ್ತದೆ. ಸಿಗ್ನಸ್ ಎಕ್ಸ್-1ರ ಗೋಚರ ಸಂಗಾತಿಯ ಗೆರೆಗಳು 5.6 ದಿನಕ್ಕೊಮ್ಮೆ ಆಚೀಚೆ ಸರಿಯುವುದನ್ನು ಅಳೆದೇ 1970ರ ದಶಕದ ಆರಂಭದಲ್ಲಿ ಅಲ್ಲೊಂದು ಕೃಷ್ಣವಿವರವಿದೆ ಎಂದು ನಿರ್ಧರಿಸಿದ್ದು. 2024ರ ಜನವರಿ 1ರಂದು ಇಸ್ರೊ ಹಾರಿಸಿದ ಎಕ್ಸ್ ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಎರಡು ಉಪಕರಣಗಳೂ ಬೆಂಗಳೂರಿನವು: ಧ್ರುವೀಕರಣ ಅಳೆಯುವ ಪೋಲಿಕ್ಸ್ ರಾಮನ್ ಸಂಶೋಧನ ಸಂಸ್ಥೆಯದು, ರೋಹಿತ ತೆಗೆಯುವ ಎಕ್ಸ್‌ಪೆಕ್ಟ್ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು.

ಕನ್ನಡದಲ್ಲಿ

ವಿಜ್ಞಾನವನ್ನು ವಿಶ್ವಕೋಶದ ರೂಪದಲ್ಲಿ ಕನ್ನಡಕ್ಕೆ ತರುವ ಪ್ರಯತ್ನಕ್ಕೂ ಪುತ್ತೂರಿಗೂ ಹಳೆಯ ನಂಟು. ದಶಕಗಳ ಕಾಲ ಅಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗೆ 'ಬಾಲ ಪ್ರಪಂಚ'ವನ್ನೂ, ದೊಡ್ಡವರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ಬರೆದರು. ಮಡಿಕೇರಿಯಲ್ಲಿ ಹುಟ್ಟಿದ ಜಿ.ಟಿ. ನಾರಾಯಣರಾವ್ ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿ ನಕ್ಷತ್ರಶಾಸ್ತ್ರಕ್ಕೆ ಕನ್ನಡದ ಮಾತುಗಳನ್ನು ಬಳಕೆಗೆ ತಂದವರಲ್ಲಿ ಪ್ರಮುಖರು.

ಪುತ್ತೂರು, ಸುಳ್ಯ, ಕಡಬದಿಂದ ನೋಡುವವರಿಗೆ

ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಈ ತಾಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶದ ಆಸೆ ಬಿಡಬೇಕು. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಅಲ್ಗಾಲ್ ಆಗ ಸಂಜೆಯ ಆಕಾಶದಲ್ಲಿರುತ್ತದೆ, ಉತ್ತರ ದಿಕ್ಕಿನಲ್ಲಿ 62 ಡಿಗ್ರಿ ಎತ್ತರದವರೆಗೆ ಏರುತ್ತದೆ. ಸಾಮಾನ್ಯವಾಗಿ 2.1 ಇರುವ ಅದರ ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂಕು) ಗ್ರಹಣದ ನಡುವೆ 3.4ಕ್ಕೆ ಇಳಿಯುವುದು ಬರಿಗಣ್ಣಿಗೇ ತಿಳಿಯುತ್ತದೆ. ಇಳಿದು ಏರಲು ಒಟ್ಟು ಹತ್ತು ಗಂಟೆ ಹಿಡಿಯುತ್ತದೆ. ಒಂದು ಗ್ರಹಣ ನಡುರಾತ್ರಿ ಕಳೆದು ಕಂಡರೆ, ಅದಾದ ಮೂರು ದಿನಗಳ ಬಳಿಕದ ರಾತ್ರಿ ಅದು ಮೂರು ಗಂಟೆ ಹನ್ನೊಂದು ನಿಮಿಷ ಮೊದಲೇ ಬರುತ್ತದೆ. ಬೀಟಾ ಲೈರೇ ಮತ್ತು ಆರ್‌ಎಸ್ ಆಫಿಯುಕಿಯ ಪುಂಜಗಳು ಸಂಜೆ ಕಾಣುವ ಕಾಲ ಮಳೆಗೆ ಹೋಗುವುದರಿಂದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೆಳಗಿನ ಜಾವ ಏಳಬೇಕು.

ಟಿ ಕರೋನೇ ಬೊರಿಯಾಲಿಸ್ ಏಪ್ರಿಲ್, ಮೇ ತಿಂಗಳ ತಡರಾತ್ರಿಯಲ್ಲಿ ನೆತ್ತಿಯ ಹತ್ತಿರ, 77 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸ್ವಾತಿಯಿಂದ ಅಭಿಜಿತ್ ಕಡೆಗೆ ಕಣ್ಣು ಹಾಯಿಸಿದರೆ ದಾರಿಯಲ್ಲಿ ಅರ್ಧ ಬಳೆಯಾಕಾರದ ಉತ್ತರ ಕಿರೀಟ ಸಿಗುತ್ತದೆ. ಬಳೆಯ ಹೊರಗೆ, ಪೂರ್ವದ ತುದಿಯ ಹತ್ತಿರ ಈ ನಕ್ಷತ್ರದ ಜಾಗ. ಶಾಂತವಾಗಿದ್ದಾಗ ಕಾಂತಿಮಾನ 10, ಬರಿಗಣ್ಣಿಗೆ ಕಾಣದು. 1946ರ ಸ್ಫೋಟಕ್ಕೆ ಮುಂಚೆ ಅದು ಕೊಂಚ ಮಂಕಾಗಿತ್ತು. 2023ರಲ್ಲೂ ಅಂಥದೇ ಇಳಿತ ಕಂಡದ್ದರಿಂದ ಸ್ಫೋಟ ಹತ್ತಿರವಿದೆ ಎಂದು ಎಣಿಸಿ ಜಗತ್ತಿನ ವೀಕ್ಷಕರು ಕಾವಲು ಕೂತರು. 2024ಕ್ಕೆ ಹೇಳಿದ್ದ ದಿನಾಂಕಗಳು ಹಾಗೆಯೇ ಕಳೆದವು. ಸಿಡಿದಾಗ ಅದು ಅದೇ ಪುಂಜದ ಆಲ್ಫೆಕ್ಕಾ ತಾರೆಯಷ್ಟೇ, ಎಂದರೆ ಧ್ರುವ ನಕ್ಷತ್ರದಷ್ಟು, ಹೊಳೆಯಬೇಕು. ಆ ಹೊಳಪು ಉಳಿಯುವುದು ಕೆಲವೇ ದಿನ.

ಇಂದು ರೋಹಿತ ತೆಗೆಯಲು ದೊಡ್ಡ ವೀಕ್ಷಣಾಲಯವೇ ಬೇಕೆಂದಿಲ್ಲ. ಮಿಲಿಮೀಟರಿಗೆ ನೂರು ಗೆರೆ ಕೊರೆದ ವಿವರ್ತನ ಜಾಲರಿಯ ಗಾಜನ್ನು ಎಂಟು ಇಂಚಿನ ದೂರದರ್ಶಕದ ಕ್ಯಾಮೆರಾ ಮುಂದೆ ಸಿಕ್ಕಿಸಿದರೆ ಬೀಟಾ ಲೈರೇಯ ಎಚ್-ಆಲ್ಫಾ ಉತ್ಸರ್ಜನ ಸಿಗುತ್ತದೆ. ವೇಗ ಅಳೆಯಲು ಅದು ಸಾಲದು, ಸೀಳುಕಿಂಡಿಯುಳ್ಳ ರೋಹಿತಗ್ರಾಹಿ ಬೇಕು. ಅರಾಸ್ ಎಂಬ ಅಂತರರಾಷ್ಟ್ರೀಯ ಹವ್ಯಾಸಿ ಬಳಗ ಟಿ ಕರೋನೇಯಂಥ ಜೋಡಿಗಳ ರೋಹಿತಗಳನ್ನು ವರ್ಷಗಳಿಂದ ಕಲೆಹಾಕುತ್ತಿದ್ದು, ವೃತ್ತಿನಿರತ ವಿಜ್ಞಾನಿಗಳು ಅವನ್ನು ತಮ್ಮ ಸಂಶೋಧನೆಗೆ ಬಳಸುತ್ತಾರೆ. ಯುರೋಪಿನಲ್ಲಿ ಇನ್ನೂ ಹಗಲಿರುವಾಗ, ಜಪಾನು ಆಸ್ಟ್ರೇಲಿಯಗಳಲ್ಲಿ ಬೆಳಗಾಗುತ್ತಿರುವಾಗ ಭಾರತದಲ್ಲಿ ರಾತ್ರಿ. ಸ್ಫೋಟದ ಮೊದಲ ಗಂಟೆಗಳಲ್ಲಿ ಗೆರೆಗಳು ಗಂಟೆಗಂಟೆಗೂ ಬದಲಾಗುವುದರಿಂದ, ಈ ರೇಖಾಂಶದಲ್ಲಿ ತೆಗೆದ ರೋಹಿತಕ್ಕೆ ಬೇರೆಲ್ಲಿಯದೂ ಬದಲಿಯಾಗದು.